ಖಾಲಿ ತಕ್ಕಡಿ ಮತ್ತು ನಮ್ಮ ಭಾವನವರ ತೂಕ

ಹರಕೆ ಹೊತ್ತ ದಿನ ನನ್ನ ಮಗಳ ತೂಕ ಎರಡು ಕೆಜಿ ಏಳುನೂರು ಗ್ರಾಂ. ಹರಕೆ ತೀರಿಸಿದ ದಿನ ಎಷ್ಟು? ಅದನ್ನು ಮಾತ್ರ ಅಂಕಣದಲ್ಲಿ ಬರೆಯಕೂಡದು ಎಂದು ಮಗಳು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಬರೆಯುವುದಿಲ್ಲ. ಮಿಕ್ಕಿದ್ದೆಲ್ಲ ಬರೆಯಬಹುದು ಎಂದು ನಾನೇ ಅರ್ಥ ಮಾಡಿಕೊಂಡಿದ್ದೇನೆ.

ಹುಟ್ಟಿದ ವಾರಕ್ಕೇ ಸಿಂಚನಳಿಗೆ ಕಾಮಾಲೆ ಆಗಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಆಗ ನಮ್ಮತ್ತೆ ತಮ್ಮ ತವರಿನ ದೇವರಿಗೆ ಕೈಮುಗಿದು, ಕೂಸು ಉಷಾರಾಗಿ ಮನೆಗೆ ಬಂದರೆ ಅದರ ತೂಕದಷ್ಟು ಬೆಲ್ಲ ಕೊಡುತ್ತೇನೆ ಅಂದರು. ತುಲಾಭಾರ! ಕೂಸು ಬೇಗನೇ ಮನೆಗೆ ಬಂತು. ಆಗಲೇ ಹೋಗಿದ್ದರೆ ಮೂರು ಅಚ್ಚು ಬೆಲ್ಲದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಒಂದು ವರ್ಷ ಮನೆಯಲ್ಲಿ ಸೂತಕ, ಒಂದು ವರ್ಷ ಗುಡಿಯಲ್ಲಿ ರಿಪೇರಿ, ಆಮೇಲೆ ಕೊರೊನಾ, ಅದಾದ ಮೇಲೆ ಬರೀ ಸೋಮಾರಿತನ. ದೇವರೇನೂ ಅವಸರ ಮಾಡಲಿಲ್ಲ. ಸಿಂಚನ ಮಾತ್ರ ಮುದ್ದೆ, ತುಪ್ಪ, ಬೇಕರಿ ಪಫ್ಸು ತಿಂದುಕೊಂಡು ಚೆನ್ನಾಗಿ ಬೆಳೆದಳು. ಈಗ ಏಳನೇ ಕ್ಲಾಸು.

ಮೊನ್ನೆ ಅತ್ತೆಗೆ ಮಂಡಿನೋವು ಶುರುವಾಯಿತು. "ಹರಕೆ ಬಾಕಿ ಮಡೀಕಂಡ್ರೆ ಇಂಗೇ ಆಗೋದು ಕಣವ್ವ" ಎಂದು ಅವತ್ತೇ ದಿನ ಗೊತ್ತು ಮಾಡಿಬಿಟ್ಟರು. (ಹರಕೆ ಮೊಮ್ಮಗಳದು, ನೋವು ಇವರ ಮಂಡಿಗೆ ಯಾಕೆ? ಕೇಳುವ ಧೈರ್ಯ ಯಾವ ಸೊಸೆಗಿದೆ?)

ಸುದ್ದಿ ಕೇಳಿದ ಕೂಡಲೇ ಸಿಂಚನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಎಲ್ಲಾರ ಮುಂದೆ ನನ್ನ ತೂಕ ಹಾಕ್ತೀರಾ? ನಾನೇನು ಕಬ್ಬಾ?"

ಅವಳಿಗೆ ಇದ್ದದ್ದು ದೇವರ ಭಯವಲ್ಲ, ದೊಡ್ಡಪ್ಪನ ಭಯ. ಅಂದರೆ ನಮ್ಮ ಭಾವ ಪುಟ್ಟಸ್ವಾಮಿ. ಕಿರಂಗೂರಿನಲ್ಲಿದ್ದಾರೆ, ಕಬ್ಬು ಬೆಳೆಯುತ್ತಾರೆ. ವೇಬ್ರಿಡ್ಜಿನ ಮೇಲೆ ಕಬ್ಬಿನ ಲಾರಿ ಹತ್ತಿಸಿ ಹತ್ತಿಸಿ ಅವರಿಗೆ ಮನುಷ್ಯರನ್ನು ಕಂಡರೂ ತೂಕದ ಅಂದಾಜು ಹಾಕುವ ಚಟ. ಹೋದ ಸಲ ಮದುವೆ ಮನೆಯಲ್ಲಿ, "ಏನವ್ವ ಸಿಂಚನ, ಈಗ ಎಷ್ಟು ಟನ್ನಾದೆ?" ಎಂದು ಪಂಕ್ತಿಗೆಲ್ಲ ಕೇಳುವ ಹಾಗೆ ಕೇಳಿದ್ದರು. ಪ್ರೀತಿಯಿಂದಲೇ ಬಿಡಿ. ಆ ಪ್ರೀತಿಗೆ ಇವಳು ಎಲೆಯಲ್ಲಿದ್ದ ಹೋಳಿಗೆ ಬಿಟ್ಟು ಎದ್ದು ಬಂದಳು. 

ಹಾಗಂತ ಭಾವನವರಿಗೆ ತಮ್ಮ ತೂಕ ಹೇಳಿಕೊಳ್ಳಲು ನಾಚಿಕೆ ಇಲ್ಲ. ಹೋದ ವರ್ಷ ಅದೇ ಗುಡಿಯಲ್ಲಿ ಅವರ ತುಲಾಭಾರವೂ ಆಗಿತ್ತು. ಎಪ್ಪತ್ತೊಂಬತ್ತು ಕೆಜಿ. ಅಂದಿನಿಂದ ಸಿಕ್ಕವರಿಗೆಲ್ಲ ಒಂದೇ ಮಾತು: "ಈ ವಯಸ್ನಲ್ಲೂ ಎಂಬತ್ತರ ಒಳ್ಗೇ ಇವ್ನಿ ಕಣ್ಲಾ!"

ಮಗಳನ್ನು ಸಮಾಧಾನ ಮಾಡಲು ನನಗೆ ತೋಚಿದ್ದು ವಿಜ್ಞಾನ. "ಚಂದ್ರನ ಮೇಲೆ ತೂಕ ಆರರಲ್ಲಿ ಒಂದು ಪಾಲಂತೆ ಕಣೆ" ಎಂದೆ ಬಾಗಿಲಾಚೆಯಿಂದ.

ಒಳಗಿನಿಂದ ಉತ್ತರ ಬಂತು. "ತಕ್ಕಡಿಲಿ ಆ ಕಡೆ ಇರೋ ಬೆಲ್ಲಾನೂ ಹಗುರ ಆಗುತ್ತಮ್ಮ. ಅಲ್ಲೂ ಅಷ್ಟೇ ಬೆಲ್ಲ ಬೇಕು. ತಕ್ಕಡಿ ಅಳೆಯೋದು ಮಾಸ್, ಅಂದ್ರೆ ದ್ರವ್ಯರಾಶಿ."

ನಾನು ಓದಿದ್ದು ಬಿಎ.

ಅವಳ ಕ್ಲಾಸಿನಲ್ಲಿ ಆಗ ನಡೆಯುತ್ತಿದ್ದ ಪಾಠವೇ ಅದು. ಲ್ಯಾಬಿನ ಪುಟಾಣಿ ತಕ್ಕಡಿಯಲ್ಲಿ ರಬ್ಬರು, ನಿಂಬೆಹಣ್ಣು, ಪಕ್ಕದವಳ ಜಡೆಯ ಕ್ಲಿಪ್ಪು ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಬಂದಿದ್ದಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಕಣ್ಣು ಕೆಂಪಗಿದ್ದರೂ ಮುಖದಲ್ಲೊಂದು ಕಿಲಾಡಿ ಕಳೆ.

"ಅಮ್ಮ, ತಕ್ಕಡಿ ನಂಬರ್ ಹೇಳಲ್ಲ. ಎರಡೂ ಕಡೆ ಸಮ ಇದೆಯಾ ಇಲ್ವಾ, ಅಷ್ಟೇ ಹೇಳೋದು. ನಂಬರ್ ಗೊತ್ತಾಗೋದು ನಾವು ಇಡೋ ತೂಕದ ಕಲ್ಲಿಂದ. ಬೆಲ್ಲ ದಪ್ಪ ಸಣ್ಣ ಹೆಂಗೆಂಗೋ ಇದ್ರೆ?"

ಯಾರಿಗೂ ಲೆಕ್ಕ ಸಿಗುವುದಿಲ್ಲ! ದೇವರಿಗೆ ಸಲ್ಲಬೇಕಾದ್ದು ಸಲ್ಲುತ್ತದೆ, ದೊಡ್ಡಪ್ಪನಿಗೆ ಏನೂ ಸಿಗುವುದಿಲ್ಲ. ಅತ್ತೆಯೂ ಒಪ್ಪಿದರು. ಭಾವನವರದೇ ಕಬ್ಬು, ಅವರೇ ಆಲೆಮನೆಯಿಂದ ಬೆಲ್ಲ ತರುವವರು. "ಉಂಡೆ ಬೆಲ್ಲ ತನ್ನಿ ಭಾವ, ಹೇಗಿದ್ದರೂ ಪರವಾಗಿಲ್ಲ" ಎಂದು ಫೋನು ಮಾಡಿದೆ. "ಆಯ್ತು ಬುಡಮ್ಮ" ಅಂದರು.

ಗುಡಿ ಇರುವುದು ಕೆ.ಆರ್. ಪೇಟೆ ಕಡೆ. (ಊರಿನ ಹೆಸರು ಬರೆದರೆ ಪೂಜಾರಪ್ಪ ಇನ್ನೊಂದು ಸಲ ಗುಡಿಯೊಳಗೆ ಬಿಡುವುದಿಲ್ಲ.) ನಾವು ಶ್ರೀರಂಗಪಟ್ಟಣದಿಂದ ಹೋಗಿ ಇಳಿಯುವಷ್ಟರಲ್ಲಿ ಜಗಲಿಯ ತುಂಬ ನೆಂಟರು. ಗೂಡ್ಸ್ ಆಟೋದಿಂದ ಭಾವ ಬೆಲ್ಲ ಇಳಿಸುತ್ತಿದ್ದರು. ನೋಡಿದರೆ ಅಷ್ಟೂ ಒಂದೇ ಅಳತೆಯ ಅಚ್ಚು.

"ಲೆಕ್ಕಕ್ಕೆ ಸಲೀಸು ಅಂತವ ಕೆಜಿ ಅಚ್ಚೇ ಆಕ್ಸ್ಕಂಡ್ ಬಂದ್ಬುಟ್ಟೆ. ಒಂದೊಂದೇ ಇಡಿ, ನಾನೇ ಕೂಗ್ತೀನಿ. ಎಲ್ಲಾರ್ಗೂ ಕೇಳ್ಲಿ!"

ಸಿಂಚನ ನನ್ನ ಕೈ ಹಿಡಿದುಕೊಂಡಳು.  ಹರಕೆಯೂ ಬೇಡ, ಬೆಲ್ಲವೂ ಬೇಡ, ವಾಪಸ್ ಹೊರಟುಬಿಡೋಣ ಅನ್ನಿಸಿತು ನನಗೆ. ಬಾಯಿ ತೆಗೆಯುವ ಮೊದಲೇ ಅವಳು ಕೈ ಬಿಡಿಸಿಕೊಂಡು ಪೂಜಾರಪ್ಪನ ಎದುರು ಹೋಗಿ ನಿಂತಳು.

"ತಾತ, ಮೊದ್ಲು ಖಾಲಿ ತಕ್ಕಡಿ ಬಿಡಿ. ಮುಳ್ಳು ಮಧ್ಯದಲ್ಲಿ ನಿಲ್ಲುತ್ತಾ ನೋಡ್ಬೇಕು. ನಮ್ ಮಿಸ್ಸು ಅದನ್ನ ನೋಡ್ದೆ ಏನೂ ತೂಗ್ಬಾರ್ದು ಅಂದಿದಾರೆ."

"ದೇವ್ರ ತಕ್ಕಡಿ ಕಣ್ಮಗ ಇದು, ಅಂಗಡೀದಲ್ಲ" ಎಂದು ನಗುತ್ತಲೇ ಪೂಜಾರಪ್ಪ ಕಟ್ಟಿದ್ದ ಹಗ್ಗ ಬಿಚ್ಚಿದರು. ಬೆಲ್ಲ ಇಡುವ ಕಡೆಯ ಹಲಗೆ ಸೀದಾ ಕೆಳಗೆ ಹೋಗಿ ಕೂತಿತು. ಮನುಷ್ಯರು ಕೂರುವ ಹಲಗೆ ಮೇಲಕ್ಕೆ ಹೋಗಿ ತೂಗಾಡತೊಡಗಿತು.



ಪೂಜಾರಪ್ಪ ತಲೆ ಕೆರೆದುಕೊಂಡರು. "ಆ ಕಡೆ ಅಲ್ಗೆ ಸೀಳೋಗಿತ್ತು. ತೇಗದ್ದು, ಒಸೀ ದಪ್ಪಂದೇ ಆಕ್ಸಿದ್ವಿ. ಎರಡ್ ಮೂರ್ ವರ್ಸ ಆಯ್ತು."

ಸಿಂಚನ ಬೆಲ್ಲದ ರಾಶಿಗೆ ಕೈ ಹಾಕಿದಳು. ದೊಡ್ಡಪ್ಪ ತಂದ ಅಚ್ಚನ್ನೇ ತೆಗೆದು ತಾನು ಕೂರುವ ಹಲಗೆಯ ಮೂಲೆಯಲ್ಲಿಟ್ಟಳು. ಒಂದು. ಇನ್ನೊಂದು. ಮೂರನೆಯದಕ್ಕೆ ಮುಳ್ಳು ನೆಟ್ಟಗೆ ನಿಂತಿತು. ಸುಮ್ಮನೆ ಹೋಗಿ ಕೂತಿದ್ದರೆ ಮೂರು ಕೆಜಿ ಫ್ರೀಯಾಗಿ ಇಳಿಯುತ್ತಿತ್ತು ನೋಡಿ! ನಾನಾಗಿದ್ದರೆ ಮೂರೂ ಅಚ್ಚು ವಾಪಸ್ ತೆಗೆದಿಟ್ಟು, ದೇವರ ತಕ್ಕಡಿಗೆ ಅಡ್ಡಬಿದ್ದು, ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಅವಳು ಮುಟ್ಟಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಏನೋ ಹೊಳೆಯಿತು. "ಅಂಗಾರೆ, ಓದ್ ವರ್ಸ ಇಲ್ಲಿ ಕೂತಿದ್ದೋನು..."

ಎಲ್ಲರ ಕತ್ತೂ ಭಾವನ ಕಡೆ ತಿರುಗಿತು. ಅಣ್ಣನ ಎದುರು ಯಾವತ್ತೂ ಬಾಯಿ ಬಿಡದ ನನ್ನ ಗಂಡ, ಯಾರೂ ಕೇಳದಿದ್ದರೂ ಲೆಕ್ಕ ಹೇಳಿಬಿಟ್ಟರು. "ಎಂಬತ್ತೆರಡು."

"ಏಯ್, ಅವತ್ತು ಮಿಂದ್ಕಂಡ್ ಬಂದಿದ್ದೆ ಕಣ್ಲಾ. ಪಂಚೆ ಒದ್ದೆ ಆಗಿತ್ತು" ಎಂದರು ಭಾವ.

"ಪಂಚೆ ಮೂರು ಕೆಜಿ ಇರುತ್ತಾ ದೊಡ್ಡಪ್ಪ?" ಸಿಂಚನ ಬಹಳ ಮರ್ಯಾದೆಯಿಂದ ಕೇಳಿದಳು.

ಆಮೇಲೆ ಲಂಗ ಸರಿಮಾಡಿಕೊಂಡು ತಕ್ಕಡಿಯಲ್ಲಿ ಕೂತಳು. ಪೂಜಾರಪ್ಪ ಬೆಲ್ಲ ಇಡುತ್ತಾ ಹೋದರು. ಕೂಗಬೇಕಾದವರು ಯಾಕೋ ಗೂಡ್ಸ್ ಆಟೋ ಕಡೆ ನೋಡುತ್ತಿದ್ದರು. ಮೊಮ್ಮಗಳ ಹಲಗೆ ನೆಲ ಬಿಟ್ಟು ಮೇಲೆದ್ದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಾಜಿನ ಪೆಟ್ಟಿಗೆಯಲ್ಲಿದ್ದ ಆ ಹಳದಿ ಕೂಸು ನೆನಪಾಗಿ ನನಗೂ ಅಳು ಬಂತು. ಎಷ್ಟು ಅಚ್ಚು ಹಿಡಿಯಿತು? ಆಣೆ ಇದೆ ಎಂದೆನಲ್ಲ.

ಮಂಗಳಾರತಿ ಆಯಿತು. ಎಲ್ಲರೂ ಊಟಕ್ಕೆ ಏಳಬೇಕು, ಅತ್ತೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

"ಬಾರ್ಲಾ ಪುಟ್ಟ, ನೀನೂ ಕೂತ್ಕೋ. ಸ್ವಾಮಿಗೆ ಕಮ್ಮಿ ಕೊಟ್ಬುಟ್ಟಿದ್ದೀಯ. ಸರ್ಯಾಗಿ ತೂಗಿ ಕೊಟ್ಬುಡು ಇವತ್ತೇ."

ಭಾವ ಸುತ್ತಲೂ ನೋಡಿದರು. ಅಂಗಿಯನ್ನು ಹೊಟ್ಟೆಯ ಮೇಲಿಂದ ಕೆಳಕ್ಕೆ ಎಳೆದುಕೊಂಡರು. ತಾಯಿಯ ಕಿವಿಯ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದರು: "ಇಷ್ಟೂ ಜನದ ಮುಂದೇನವ್ವ?"

ಯಾಕೆ ಭಾವ, ಈಗ ತಾನೇ ಒಬ್ಬಳು ಕೂತು ಎದ್ದಳಲ್ಲ, ಅದು ಯಾರ ಮುಂದೆ?