ಬೇಯದ ಕುಚ್ಚಲಕ್ಕಿ, ಇಳಿಯದ ಮಾಷ್ಟ್ರು

ಹಿಮಾಲಯ ಹತ್ತಲು ಹೋಗುವವರಿಗೆ ನನ್ನ ಮೊದಲ ಸಲಹೆ: ಕುಚ್ಚಲಕ್ಕಿ ಕೊಂಡೊಯ್ಯಬೇಡಿ. ಎಲ್ಲ ಬಲ್ಲ ಮುಖಂಡರನ್ನೂ ಕೊಂಡೊಯ್ಯಬೇಡಿ. ನಾವು ಎರಡನ್ನೂ ಕೊಂಡೊಯ್ದಿದ್ದೆವು.

ಎಂಬತ್ತರ ದಶಕದ ಆರಂಭ. ಉಡುಪಿಯಲ್ಲಿ ನನ್ನದು ಹಗ್ಗ, ಟಾರ್ಪಾಲು, ಕೊಡೆಗಳ ಅಂಗಡಿ. ಮುಖಂಡರು ಮಣಿಪಾಲದಲ್ಲಿ ಭೌತಶಾಸ್ತ್ರ ಕಲಿಸುವ ಮಾಷ್ಟ್ರು. ಮೂರನೆಯವನು ಕಾಪುವಿನಲ್ಲಿ ದೋಣಿ ಇಟ್ಟುಕೊಂಡು ಮೀನು ಹಿಡಿಯುವ ನನ್ನ ಗೆಳೆಯ. ನಮ್ಮ ತಯಾರಿ ಎಂದರೆ ಮೂರು ಭಾನುವಾರ ಕಾರ್ಕಳಕ್ಕೆ ಬಸ್ಸು ಹಿಡಿದು, ಗೊಮ್ಮಟನ ಬೆಟ್ಟದ ಮೆಟ್ಟಿಲು ಹತ್ತಿ, ಇಳಿದು ಗೋಳಿಬಜೆ ತಿಂದದ್ದು. "ಇನ್ನು ನಾವು ತಯಾರು" ಎಂದರು ಮಾಷ್ಟ್ರು. ಗೋಳಿಬಜೆಗಂತೂ ತಯಾರಾಗಿದ್ದೆವು.

ಅವಲಕ್ಕಿ, ಬೆಲ್ಲ ಸಾಕೆಂದು ನಾನು ಹೇಳಿದೆ. ಕುಚ್ಚಲಕ್ಕಿ ಗಂಜಿ ಇಲ್ಲದಿದ್ದರೆ ಮಾಷ್ಟ್ರ ತಲೆ ಓಡುವುದಿಲ್ಲವಂತೆ. ಕುಕ್ಕರ್ ಭಾರವೆಂದು ಬಿಟ್ಟರು. ದುಬೈಯಿಂದ ಅವರ ಭಾವ ತಂದ ಟೇಪ್ ರೆಕಾರ್ಡರ್ ಮಾತ್ರ ಭಾರವಾಗಲಿಲ್ಲ.

ಮರಗಳೆಲ್ಲ ಮುಗಿದು ಬರೀ ಕಲ್ಲು, ಹಿಮ ಉಳಿದ ಕಡೆ ಡೇರೆ ಹಾಕಿದೆವು. ಮಧ್ಯಾಹ್ನ ಸ್ಟವ್ ಹಚ್ಚಿದರೆ ನೀರು ಕುದಿಯುತ್ತದೆ, ಅಕ್ಕಿ ಬೇಯುವುದಿಲ್ಲ. ಎರಡು ಗಂಟೆಯಾಯಿತು.

"ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಬೇಗ ಕುದಿಯುತ್ತದೆ, ಬಿಸಿ ಸಾಲುವುದಿಲ್ಲ" ಎಂದು ಮಾಷ್ಟ್ರು ಪಾಠ ಮಾಡಿದರು.

"ಇದು ನಿಮಗೆ ಮಣಿಪಾಲದಲ್ಲಿ ಗೊತ್ತಿರಲಿಲ್ವಾ ಮಾಷ್ಟ್ರೇ?" ಎಂದೆ.

"ಗೊತ್ತಿತ್ತು. ಇನ್ನು ಅರ್ಧ ಗಂಟೆ ನೋಡುವ."

ನೋಡಿದೆವು. ಸೀಮೆಎಣ್ಣೆ ಮುಗಿಯಿತು. ಹಿಮ ಕರಗಿಸಿ ಕುಡಿಯುವ ನೀರು ಮಾಡಲು ಇಟ್ಟ ಎಣ್ಣೆ ಅದು.

ಬೆಳಿಗ್ಗೆ ಗೆಳೆಯ ಏಳಲಿಲ್ಲ. ತಲೆಸಿಡಿತ, ವಾಂತಿ. ಹಿಡಿದು ನಿಲ್ಲಿಸಿದರೆ ಕುಡಿದವನ ಹಾಗೆ ತೂರಾಡಿದ. "ಕಡಲಿನಲ್ಲಿ ನನಗೆ ಯಾವತ್ತೂ ಹೀಗೆ ಆದದ್ದಿಲ್ಲ ಮಾರಾಯ" ಎಂದು ಕುಸಿದ.

"ಹಸಿವಿನಿಂದ ಆದದ್ದು" ಎಂದರು ಮಾಷ್ಟ್ರು. "ತುದಿಗೆ ಇನ್ನೆರಡೇ ಗಂಟೆ. ಇವರು ಡೇರೆಯಲ್ಲಿ ಮಲಗಿರಲಿ, ನಾವು ನೋಡಿ ಬರುವ."

"ಎಂತ ನೋಡುವುದು? ಎತ್ತರ ತಲೆಗೆ ಹಿಡಿದರೆ ಇಳಿಯುವುದೇ ಮದ್ದು ಅಂತ ಕೆಳಗಿನ ಚಹಾದಂಗಡಿಯವ ಹೇಳಿದ್ದು ಕೇಳಲಿಲ್ವಾ?"

"ಅವನು ಓದಿದವನಲ್ಲ."

"ಅದಕ್ಕೇ ಇಲ್ಲಿ ಬದುಕಿದ್ದಾನೆ."

ಅಷ್ಟರಲ್ಲಿ ಮೇಲಿನಿಂದ ಒಬ್ಬ ಖಾಲಿ ಹೇಸರಗತ್ತೆ ಹೊಡೆದುಕೊಂಡು ಇಳಿದು ಬಂದ. ಗೆಳೆಯನನ್ನು ಹೊರಿಸಲು ಕೇಳಿದರೆ ತಲೆಯಾಡಿಸಿದ. ಕಣ್ಣು ಮಾತ್ರ ಟೇಪ್ ರೆಕಾರ್ಡರ್ ಮೇಲೆ. ಕೊಳ್ಳುವವನ ಕಣ್ಣು ನನಗೆ ತಿಳಿಯದೇ? ಗುಂಡಿ ಒತ್ತಿ ಹಾಡು ಕೇಳಿಸಿದೆ. ನನಗಿದ್ದ ಹರಕು ಹಿಂದಿಯಲ್ಲೇ ಚೌಕಾಸಿ ಮಾಡಿ, ಅದರ ಬದಲಿಗೆ ಹೇಸರಗತ್ತೆ, ಕಂಬಳಿ, ದಾರಿಯಲ್ಲಿ ಬಿಸಿ ಚಹಾ, ಮೂರನ್ನೂ ಒಪ್ಪಿಸಿದೆ. ಕುಚ್ಚಲಕ್ಕಿಯನ್ನೂ ದಾಟಿಸಲು ನೋಡಿದೆ. ಅವನು ಬುದ್ಧಿವಂತ, ಬೇಡವೆಂದ.

"ಅದು ನನ್ನ ಭಾವ ಕೊಟ್ಟದ್ದು!" ಎಂದು ಮಾಷ್ಟ್ರು ಕೂಗಿದರು.

"ಭಾವ ಇನ್ನೊಂದು ತರ್ತಾರೆ. ಕಾಪುವಿನಲ್ಲಿ ಇವನ ಹೆಂಡತಿಗೆ ನಾನು ಎಂತ ಕೊಂಡುಹೋಗಿ ಕೊಡಲಿ?"

ಮಾಷ್ಟ್ರು ಅಕ್ಕಿಯ ಚೀಲ ಹೊತ್ತು ಹಿಂದೆ ಬಂದರು.

ಮರಗಳು ಮತ್ತೆ ಕಾಣಿಸಿದಾಗ ವಾಂತಿ ನಿಂತಿತು. ಚಹಾದಂಗಡಿಯ ಬೆಂಚಿನ ಮೇಲೆ ಮಲಗಿಸಿದ ಸ್ವಲ್ಪ ಹೊತ್ತಿಗೆ ಗೆಳೆಯ ಕಣ್ಣು ಬಿಟ್ಟ. ಎದುರು ನಿಂತಿದ್ದ ಮಾಷ್ಟ್ರನ್ನೂ ಅವರ ಹೆಗಲ ಚೀಲವನ್ನೂ ನೋಡಿ ಮೆಲ್ಲಗೆ ಕೇಳಿದ:

"ಬೆಂದಿತಾ ಮಾಷ್ಟ್ರೇ?"