ಕೂಸಿನ ಹೊಟ್ಟೆಗೆ ಬೇಕಾದ ಹುಳ

“ಕೂಸಿನ ಹೊಟ್ಟ್ಯಾಗ ಒಳ್ಳೆ ಹುಳ ಕಡಿಮಿ ಆಗ್ಯಾವ್ರಿ.”

ಡಾಕ್ಟರಬಾಯಿ ಹೀಗೆಂದದ್ದೇ ತಡ, ನಮ್ಮವ್ವ ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತಳು. ಹುಳ ಬೀಳಲೆಂದು ಔಷಧ ಕೊಡುವ ಡಾಕ್ಟರನ್ನು ನೀವೂ ಕಂಡಿದ್ದೀರಿ, ಅವಳೂ ಕಂಡಿದ್ದಾಳೆ. ಹುಳ ಬೇಕು ಎನ್ನುವ ಡಾಕ್ಟರನ್ನು ಯಾರು ಕಂಡಿದ್ದಾರೆ?

ಕೂಸು ನನ್ನ ಅಣ್ಣನ ಮಗಳು. ಅತ್ತಿಗೆ ಶಾರದಾ ಟೈಫಾಯ್ಡ್ ಆಗಿ ಗದಗಿನ ದವಾಖಾನೆ ಸೇರಿದ್ದಳು. ಅಣ್ಣ ಅವಳ ಬಳಿ. ಇತ್ತ ಲಕ್ಷ್ಮೇಶ್ವರದ ಮನೆಯಲ್ಲಿ ಅವ್ವ, ನಾನು, ಎಳೆಗೂಸು ಮತ್ತು ಹಾಲಿನ ಪುಡಿಯ ಡಬ್ಬಿ. (ಪುಡಿ ಕಲಸುವ ಬಗೆ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದ್ದು ನಾನೇ. ತಪ್ಪೇನೂ ಓದಲಿಲ್ಲ.) ಆದರೂ ಕೂಸಿಗೆ ಭೇದಿ ಹತ್ತಿತು. ಅಳುವ ಶಕ್ತಿಯೂ ಇಲ್ಲದೆ ಮಲಗಿಬಿಟ್ಟಿತು.

“ಕುಂಡ್ರಿ ಬಾಯಾರ,” ಎಂದರು ಡಾಕ್ಟರಬಾಯಿ. “ಹಾಲಿಗೆ ಹೆಪ್ಪ ಹಾಕ್ತೀರಲ್ಲ, ಅದರಾಗೂ ಕಣ್ಣಿಗೆ ಕಾಣದ ಹುಳ ಇರ್ತಾವು. ಕೂಸಿನ ಹೊಟ್ಟ್ಯಾಗೂ ಅಂಥ ಒಳ್ಳೆವು ಬೇಕು. ತಾಯಿ ಹಾಲು ಕುಡಿದ್ರ ಬೆಳೀತಾವು. ಬಾಟ್ಲಿ ಸ್ವಚ್ಛ ಇರದಿದ್ರ ಕೆಟ್ಟವು ಸೇರ್ತಾವು.”

“ಹಂಗಾರ ಇಷ್ಟು ವರ್ಷ ಮನಿ ಮಂದಿಗೆಲ್ಲಾ ನಾ ಹುಳ ತಿನಿಸೀನೇನು?” ಎಂದಳು ಅವ್ವ.

ಡಾಕ್ಟರಬಾಯಿ ನಕ್ಕರು. ಆದರೆ ಕೂಸಿನ ಗುಳಿಬಿದ್ದ ಕಣ್ಣು ನೋಡಿ ನಗು ನಿಲ್ಲಿಸಿದರು. ಉಪ್ಪು ಸಕ್ಕರೆ ನೀರು ಕುಡಿಸುವುದನ್ನು ತೋರಿಸಿಕೊಟ್ಟು, “ಹಾಲುಣಿಸೋ ತಾಯಿ ಯಾರರ ಸಿಗ್ತಾರೇನು ನೋಡ್ರಿ. ಜಲ್ದಿ,” ಎಂದರು.

ಯಾರು ಸಿಗುತ್ತಾರೆ ಎಂದು ಅವ್ವನಿಗೂ ನನಗೂ ಗೊತ್ತಿತ್ತು. ಗೋಡೆಯಾಚೆಗೇ ಗಾದಿ ಹೊಲಿಯುವವರ ಮನೆ. ಆ ಮನೆಯ ಮೆಹಬೂಬಿ ಗಂಡುಮಗು ಹೆತ್ತು ನಾಲ್ಕು ತಿಂಗಳಾಗಿತ್ತು. ಎರಡೂ ಮನೆಗಳ ನಡುವೆ ಮಾತುಕತೆ ಬಹಳ. ಆದರೆ ಅವ್ವ ಆ ಮನೆಯಲ್ಲಿ ಒಂದು ಲೋಟ ನೀರೂ ಕುಡಿದವಳಲ್ಲ. ಮನೆಗೆ ಬರುವ ದಾರಿಯಲ್ಲಿ ನಾನು ಮೆಹಬೂಬಿಯ ಹೆಸರೆತ್ತಲಿಲ್ಲ. ಕೇಳಿ “ಬ್ಯಾಡ” ಅನ್ನಿಸಿಕೊಂಡರೆ?

ಅವ್ವ ನಮ್ಮ ಬಾಗಿಲಲ್ಲಿ ನಿಲ್ಲದೆ ಮುಂದಿನ ಮನೆಗೆ ನಡೆದಳು. ಮೆಹಬೂಬಿ ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತಿದ್ದಳು.

“ಯವ್ವಾ, ನಿನ್ನ ಹಾಲು ಸ್ವಲ್ಪ ಬೇಕಾಗಿತ್ತು,” ಎಂದಳು ಅವ್ವ. ಸಕ್ಕರೆ ಕೇಳುವಾಗಲೂ ಅವಳ ದನಿ ಅಷ್ಟು ಸಣ್ಣಗಾದದ್ದಿಲ್ಲ.

ಮೆಹಬೂಬಿ ಕೈ ತೊಳೆದುಬಂದು ಕೂಸನ್ನು ಎತ್ತಿಕೊಂಡಳು. ಮೊದಮೊದಲು ಕೂಸಿಗೆ ಚೀಪಲಿಕ್ಕೇ ಆಗಲಿಲ್ಲ. ಆಮೇಲೆ ಹಿಡಿಯಿತು ನೋಡಿ, ಬಿಡಲೇ ಇಲ್ಲ. ಅವ್ವ ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡಳು.

“ಅವ್ವಾರ, ಒಂದ್ ಮಾತು,” ಎಂದಳು ಮೆಹಬೂಬಿ, ಬಹಳ ಗಂಭೀರವಾಗಿ. “ಒಂದ ತಾಯಿ ಹಾಲು ಕುಡಿದವ್ರು ನಮ್ಮಾಗ ಅಣ್ಣ ತಂಗಿ ಆಗ್ತಾರ. ಮುಂದ ಇವ್ರಿಬ್ಬರ ಲಗ್ನ ಮಾಡಾಕ ಬರೂದಿಲ್ಲ.”

ಅವ್ವ ಕಣ್ಣೊರೆಸುವುದನ್ನು ಮರೆತು ನಕ್ಕಳು. “ಆತು ಬಿಡವಾ. ಹೆರಿಗಿ ಖರ್ಚಿಲ್ದ ನನಗೊಬ್ಬ ಮೊಮ್ಮಗ ಸಿಕ್ಕಂಗಾತು.” ನಗುನಗುತ್ತಲೇ, ಅವರ ಹರವಿಯ ನೀರನ್ನು ಕೇಳಿ ಕುಡಿದಳು. ಗಂಟಲು ಒಣಗಿತ್ತಂತೆ.

ವಾರದೊಳಗೆ ಭೇದಿ ನಿಂತಿತು, ಕೆನ್ನೆ ತುಂಬತೊಡಗಿತು. ಶಾರದಾ ಗುಣವಾಗಿ ಬಂದಾಗ ಕೂಸು ಅವಳನ್ನು ನೋಡಿ ಚೀರಿ ಅತ್ತಿತು. ಅವಳೂ ಅತ್ತಳು. ಎದೆಹಾಲು ಹೆಚ್ಚುಕಡಿಮೆ ಬತ್ತಿತ್ತು. “ಕೂಸನ್ನ ಎದಿಗೆ ಹಚ್ಕೊಂತ ಇರ್ರಿ, ಬರ್ತೈತಿ,” ಎಂದು ಮೆಹಬೂಬಿ ದಿನಾ ಬಂದು ಅವಳ ಪಕ್ಕದಲ್ಲಿ ಕುಳಿತಳು. ನಿಧಾನವಾಗಿ ಹಾಲು ಬಂತು.

ಹೋದ ವಾರ ಮುಂಡರಗಿಯಿಂದ ಚಿಕ್ಕಮ್ಮ ಬಂದಿದ್ದಳು. ಕೂಸನ್ನು ಎತ್ತಿ ತೂಗಿ ನೋಡಿ, “ಏನ್ ಕೊಟ್ರಿ ಇದಕ? ನಮ್ಮ ಸೊಸಿಗೂ ಹೇಳ್ತೀನಿ,” ಎಂದು ಕೇಳಿದಳು.

ಅವ್ವ ಅಕ್ಕಿ ಆರಿಸುತ್ತಲೇ ಹೇಳಿದಳು: “ಮೊದಲ ನಿಮ್ಮ ಮನಿ ಬಾಜೂಕ ಯಾರದಾರ, ಅದನ್ನ ಹೇಳು.”