ಕುಂಬಳಕಾಯಿಗೆ ಮೊಳೆ ಹೊಡೆಯಬೇಡಿ

"ಆ ದೊಡ್ಡದಕ್ಕೊಂದು ಮೊಳೆ ಹೊಡಿಯಮ್ಮ, ಅಲ್ಲಾಡ್ತಿದೆ!"

ಕಳೆದ ಶನಿವಾರ ಚಾಂಪಿಯನ್ ರೀಫ್ಸ್‌ನ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಹಿರಿಯ ತೀರ್ಪುಗಾರರು ಹೀಗೆಂದಾಗ ನಾನು ಪಕ್ಕದಲ್ಲೇ ಇದ್ದೆ. ಬಂಗಾರಪೇಟೆಯಲ್ಲಿ ಫಿಸಿಕ್ಸ್ ಪಾಠ ಮಾಡುವ ನಾನು ಅಲ್ಲಿ ಕಿರಿಯ ತೀರ್ಪುಗಾರ್ತಿ. (ಅಂದರೆ, ಕೊನೆಯಲ್ಲಿ ಸಹಿ ಹಾಕುವವಳು. ಮಾತಾಡುವವಳಲ್ಲ.)

ಮೊಳೆ ಹೊಡೆಯಬೇಕಿದ್ದದ್ದು ಕುಂಬಳಕಾಯಿಗೆ. ಕಾಮಸಮುದ್ರದ ಕಡೆಯ ನಾಗವೇಣಿ, ಒಂಬತ್ತನೇ ಕ್ಲಾಸು, ಬಿದಿರುಕಡ್ಡಿಯ ಒಂದು ತುದಿಗೆ ಪುಟ್ಟ ಕುಂಬಳಕಾಯಿ, ಇನ್ನೊಂದು ತುದಿಗೆ ಮೂಸಂಬಿ ಕಟ್ಟಿ ದಾರದಲ್ಲಿ ತೂಗುಹಾಕಿದ್ದಳು. ದಾರದ ಗಂಟು ಕುಂಬಳಕಾಯಿಯ ಹತ್ತಿರ. ತಿರುಗಿಸಿದರೆ ಮೂಸಂಬಿಯದು ದೊಡ್ಡ ಸುತ್ತು, ಕುಂಬಳಕಾಯಿಯದು ಸಣ್ಣ ಸುತ್ತು. ರಟ್ಟಿನ ಮೇಲೆ ಬರೆದಿತ್ತು: ಜೋಡಿ ನಕ್ಷತ್ರ, ದೈತ್ಯ ಮತ್ತು ಜೊತೆಗಾತಿ.

"ದೊಡ್ಡದು ನಿಂತಿರಬೇಕು, ಚಿಕ್ಕದು ಸುತ್ತಬೇಕು. ಅಷ್ಟೂ ಗೊತ್ತಿಲ್ವಾ?"

"ಎರಡೂ ಸುತ್ತುತಾವೆ ಸಾರ್. ನಮ್ಮಪ್ಪ ಬೈಕಿಗೆ ಆಲಿನ ಕ್ಯಾನ್ ಕಟ್ಕೊಂಡು ಡೈರಿಗೆ ಓಗ್ತಾನಲ್ಲ, ಒಂದ್ಕಡೆ ದೊಡ್ಡದು, ಒಂದ್ಕಡೆ ಚಿಕ್ಕದು. ಚಿಕ್ಕದು ಬಿಚ್ಚಿದ್ರೆ ಬೈಕೇ ವಾಲ್ತೈತೆ."

"ಹಾಲಿನ ಕಥೆ ಬೇಡ. ಮೊಳೆ ಹೊಡೆದ್ರೆ ಜಿಲ್ಲಾಮಟ್ಟ. ಇಲ್ಲಾಂದ್ರೆ ಇಲ್ಲ."

ಪಕ್ಕದ ಟೇಬಲ್ಲಿನ ಜ್ವಾಲಾಮುಖಿ ಹುಡುಗಿ ಪಿಸುಗುಟ್ಟಿದಳು: "ಒಂದು ಮೊಳೆ ತಾನೆ? ಒಡ್ದು ಬಿಡೇ ನಾಗಿ. ಜಿಲ್ಲೇಲಿ ಬಿರಿಯಾನಿ ಅಂತೆ!"

"ನೀನೇ ಓಗಿ ತಿನ್ನೇ. ಸುಳ್ಳು ತಗೊಂಡು ನಾನ್ಯಾಕೆ ಓಗ್ಲಿ?"

ಮಾತು ಜೋರಾಗಿಯೇ ಇತ್ತು. ಆದರೆ ಕಣ್ಣು ತುಂಬಿತ್ತು. ಆ ಕುಂಬಳಕಾಯಿಯನ್ನು ಎರಡು ಬಸ್ಸು ಬದಲಿಸಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು.

ಅವಳು ಹೇಳಿದ್ದು ಸರಿ. ಜೋಡಿ ನಕ್ಷತ್ರಗಳಲ್ಲಿ ಯಾವುದೂ ನಿಂತಿರುವುದಿಲ್ಲ. ಎಷ್ಟೋ ಜೋಡಿಗಳಲ್ಲಿ ಚಿಕ್ಕದು ಕಣ್ಣಿಗೇ ಬೀಳುವುದಿಲ್ಲ. ದೊಡ್ಡದು ಅಲ್ಲಾಡುವುದನ್ನು ನೋಡಿಯೇ ಪಕ್ಕದಲ್ಲಿ ಇನ್ನೊಂದಿದೆ ಎಂದು ತಿಳಿಯುವುದು. ಮೊಳೆ ಹೊಡೆದರೆ ಚಿಕ್ಕದು ಇದ್ದೂ ಇಲ್ಲವಾಗುತ್ತದೆ. ಎಷ್ಟು ಮನೆಗಳಲ್ಲಿ, ಎಷ್ಟು ಸ್ಟಾಫ್ ರೂಮುಗಳಲ್ಲಿ ಆ ಮೊಳೆಯನ್ನು ನಾವೇ ಹುಡುಕಿ ಕೊಟ್ಟಿಲ್ಲ?

ನಾನೂ ಕೊಟ್ಟಿದ್ದೇನೆ. ಸಭೆಯಲ್ಲಿ ಬಾಯಿ ಬಿಡುವ ಅಭ್ಯಾಸ ನನಗಿಲ್ಲ. ಆವತ್ತು ಬಿಟ್ಟೆ.

"ಅವಳು ಸರಿ ಸಾರ್."

"ನೀವಿನ್ನೂ ಚಿಕ್ಕೋರು ಮೇಡಂ. ನಾನು ಮೂವತ್ತು ವರ್ಷ ಪಾಠ ಮಾಡಿದೀನಿ."

ಹಾಳೆಯಲ್ಲಿ 'ಮಾದರಿಯನ್ನು ತಿದ್ದಿದರೆ ಮಾತ್ರ ಆಯ್ಕೆ' ಎಂದು ಬರೆದು, ಸಹಿ ಹಾಕಿ, ನನ್ನತ್ತ ತಳ್ಳಿದರು. ಎರಡು ಸಹಿ ಇಲ್ಲದೆ ಆ ಹಾಳೆ ಮುಂದಕ್ಕೆ ಹೋಗುವುದಿಲ್ಲ. ನಾನು ಪೆನ್ನಿನ ಕ್ಯಾಪ್ ಹಾಕಿ ಬ್ಯಾಗಿನೊಳಗಿಟ್ಟೆ.

"ಏನಿದು?"

"ತಪ್ಪಿಗೆ ಸಹಿ ಹಾಕಲ್ಲ ಸಾರ್."

ಟೀ ಬಂತು, ಆರಿತು. ಮುಖ್ಯೋಪಾಧ್ಯಾಯಿನಿ ಎರಡು ಸಲ ಇಣುಕಿದರು. ಜಗಳವಾಡಲಿಲ್ಲ, ಎದ್ದೂ ಹೋಗಲಿಲ್ಲ. ಕೂತೇ ಇದ್ದೆ.

ಅರ್ಧ ಗಂಟೆಯಾದ ಮೇಲೆ ಹಿರಿಯ ತೀರ್ಪುಗಾರರು ಹಾಳೆ ಎಳೆದುಕೊಂಡರು. ಆ ಸಾಲಿನ ಮೇಲೆ ಗೆರೆ ಎಳೆದು, 'ಆಯ್ಕೆ' ಎಂದಷ್ಟೇ ಬರೆದರು. ನಾನು ಪೆನ್ನು ತೆಗೆದೆ.

ಹೊರಡುವಾಗ ಎಲ್ಲರಿಗೂ ಕೇಳುವಂತೆ ಹೇಳಿದರು: "ಈಗಿನ ಹೆಣ್ಮಕ್ಕಳಿಗೆ ಅಹಂಕಾರ ಜಾಸ್ತಿ."

ಇರಬಹುದು. ಆದರೆ ಆವತ್ತು ಅಲ್ಲಾಡಿದ್ದು ಯಾರು?